ಎಂಟನೇ ಡಬ್ಬಿ

ಡಾಕ್ಟರಮ್ಮ ಎಂಟು ಡಬ್ಬಿ ಎಣಿಸಿ
ನನ್ನ ಗುಲಾಬಿ ಸೀರೆಯ ಮಡಿಲಿಗೆ ಹಾಕಿದರು.
ಕುಂಕುಮದ ಭರಣಿಯಷ್ಟೇ, ನೀಲಿ ಮುಚ್ಚಳ,
ಮುಚ್ಚಳಕ್ಕೆ ಅಂಟಿಕೊಂಡೇ ಒಂದು ಕಡ್ಡಿ.
ದುಡ್ಡು ಬೇಕಿಲ್ಲ, ಉಪವಾಸ ಬೇಕಿಲ್ಲ, ಸೂಜಿ ಇಲ್ಲ;
ಬೆಳಗಿನದು ಕಡ್ಡಿಯ ತುದಿಗೆ ಸೋಕಿದರೆ ಸಾಕು.
ಇಷ್ಟನ್ನು ಹೇಳುವ ಮಾತು ಮಾತ್ರ
ಏಳು ಮನೆಯಲ್ಲಿ ಏಳು ಥರ ತೊದಲಿತು.

ಆಲೆಮನೆಯಲ್ಲಿ ಕರಿಸಿದ್ದಣ್ಣ ಪಾಕ ನೋಡುತ್ತಿದ್ದ,
ಇಪ್ಪತ್ತೆಂಟು ವರ್ಷದ ಹಬೆಗೆ ಹುಬ್ಬು ಉದುರಿದ ಮುಖ.
"ರಕ್ತ ಬೀಳ್ತದೆ, ನಿಜ. ಒಲೆ ಕಾವು ಕಣವ್ವ, ಉಷ್ಣ.
ಮಜ್ಜಿಗೆಗೆ ವಸಿ ಜೀರಿಗೆ ಹಾಕ್ಕಂಡ್ರೆ ನಿಲ್ತದೆ.
ಆಸ್ಪತ್ರೆಗೆ ಬಂದ್ರೆ ಆವತ್ತಿನ ಕೂಲಿ ನಿಮ್ ಡಾಕ್ಟ್ರು ಕೊಟ್ಟಾರಾ?
ಅಲ್ಲಾ, ಅದ್ನ ಹೊತ್ಕಂಡ್ ತಿರುಗಾಕೆ
ನಿಂಗೆ ಹೇಸ್ಗೆ ಆಗಕಿಲ್ವಾ?"
ಗಾಣಕ್ಕೆ ಕಬ್ಬು ಕೊಡುವ ಹುಡುಗರು ನಕ್ಕರು.
ನಾನೂ ನಕ್ಕೆ. ಇನ್ನೇನು ಮಾಡಲಿ.

ಅಷ್ಟರಲ್ಲಿ ಅವನು ಕೊಪ್ಪರಿಗೆಗೆ ಸೌಟು ಅದ್ದಿ
ಒಂದು ತೊಟ್ಟು ತಣ್ಣೀರಿನ ತಟ್ಟೆಗೆ ಬಿಟ್ಟ,
ಬೆರಳಲ್ಲಿ ಉಂಡೆಗಟ್ಟಿ, ಅಂಚಿಗೆ ಬಡಿದು, ಸದ್ದು ಕೇಳಿ
"ಇಳಿಸ್ರೋ" ಅಂದ.
ಒಂದು ತೊಟ್ಟಿನ ಮಾತು ನಂಬಿ
ನೂರು ಅಚ್ಚಿನ ಪಾಕ ಒಲೆ ಇಳಿಯಿತು.

ನಾನು ಸುಮ್ಮನೆ ಒಂದು ಡಬ್ಬಿ
ಆ ತಟ್ಟೆಯ ಪಕ್ಕ ಇಟ್ಟೆ.
ತಟ್ಟೆ ನೋಡಿದ, ಡಬ್ಬಿ ನೋಡಿದ,
"ಕಳ್ಳಿ" ಅಂದ.

ಮಾರನೆಯ ಬೆಳಿಗ್ಗೆ ಸೂರಿನಡಿ ಸಿಕ್ಕಿಸಿತ್ತು,
ಕಬ್ಬಿನ ಗರಿ ಸುತ್ತಿ, ದಾರ ಬಿಗಿದು,
ನೆಂಟರಿಗೆ ಕಳಿಸುವ ಹೊಸ ಬೆಲ್ಲದ ಹಾಗೆ.

ಏಳನ್ನೂ ಬಟ್ಟೆ ಚೀಲದಲ್ಲಿಟ್ಟು
ಕೆರಗೋಡಿನಲ್ಲಿ ಬಸ್ಸು ಹತ್ತಿದೆ.
ಪಕ್ಕದ ಹೆಂಗಸು ಗರಿಯ ತುದಿ ಕಂಡು
"ಏನವ್ವ, ಬೆಲ್ಲವಾ?" ಅಂದಳು.
ಹೂಂ ಅಂದೆ. ಮಂಡ್ಯ ಬರುವ ತನಕ
ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತೆ.

ಹದಿನೈದು ದಿನಕ್ಕೆ ಚೀಟಿ ಬಂತು. ಆರು ಜನಕ್ಕೆ ಏನಿಲ್ಲ.
ಸಿದ್ದಣ್ಣನಿಗೆ ಇನ್ನೊಂದು ಪರೀಕ್ಷೆ,
ಒಳಗೆ ನಳಿಗೆ ಬಿಟ್ಟು ನೋಡುವುದು; ಅದಕ್ಕೂ ಕಾಸಿಲ್ಲ.
ಒಲೆಯ ಬೆಳಕಲ್ಲೇ ಓದಿ ಹೇಳಿದೆ.
ಅವನು ಬೆಂಕಿಗೆ ಒಂದು ತಬ್ಬು ಸಿಪ್ಪೆ ನೂಕಿ
"ಬುಧ್ವಾರ ಬತ್ತೀನಿ. ಪಾಕಕ್ಕೆ ಹುಡುಗನ್ನ ನಿಲ್ಸಿ ಬತ್ತೀನಿ" ಅಂದ.
ಹುಡುಗರು ಈ ಸಲ ನಗಲಿಲ್ಲ.
ಆಮೇಲೆ, ನಾನು ಹೊರಟ ಮೇಲೆ, ಹಿಂದಿನಿಂದ:
"ಎಂಟು ಅಂದಿದ್ದಲ್ಲವ್ವ.
ಏಳ್ ಜನದ್ ಹೇಳ್ದೆ.
ಇನ್ನೊಂದ್ ಯಾರ್ದು?"

ನಲವತ್ತೊಂಬತ್ತು ನನಗೆ.
ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಹಿಂದೆ
ನೀಲಿ ಮುಚ್ಚಳ
ಇನ್ನೂ ತೆರೆದಿಲ್ಲ.