ಕೆಂಪಿಗೆ ಎರಡು ಅರ್ಥ

ಚಿಂಚೋಳಿ ದಾಟಿ ಎಂಟು ಮೈಲು, ತೊಗರಿ ಹೊಲದ ನಡುವೆ
ಮೊಣಕಾಲಾಳ ಗುಂಡಿ ತೋಡಿ
ಉಪ್ಪು ಕಲಸಿದ ಕೆಸರಲ್ಲಿ ಒಂದೊಂದೇ ಕುಡಿಕೆ ಹೂತೆವು:
ಬಡಗಣಕ್ಕೊಂದು, ತೆಂಕಣಕ್ಕೊಂದು, ಮೂಡಲಿಗೆ, ಪಡುವಲಿಗೆ.
"ಯಾರಿಗಿ ಹುಗಿಲಕತ್ತೀರಿ?" ಕೇಳಿದಳು ಮದಾರಬಿ.

ಯಾರನ್ನೂ ಅಲ್ಲ. ಕಿವಿಗಳನ್ನು.

ಮೂರು ತಿಂಗಳಿಂದ ಊರ ಕೆಳಗೆ ಗುಡುಗು.
ನಡುರಾತ್ರಿ ಭಾಂಡೆಗಳು ತಮ್ಮತಮ್ಮಲ್ಲೇ ಮಾತಾಡುತ್ತವೆ.
ಜನ ತಗಡಿನಡಿ, ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಮಲಗುತ್ತಾರೆ.
ಯಾರೋ ಮೊಬೈಲಿನಲ್ಲಿ
ಕೆಂಡದ ಹೊಳೆ ಹರಿಯುವುದನ್ನು ತೋರಿಸಿ ಹೋಗಿದ್ದಾನೆ.
"ಖರೆ ಹೇಳ್ರಿ, ಕೆಳಗ ಬೆಂಕಿ ಅದ ಏನು?"

ನಾನು ಬೆಂಕಿಯ ಮೇಲೆ ನಿಂತು ಬಂದವಳು.
ಬೂದಿಯ ದ್ವೀಪವೊಂದರಲ್ಲಿ, ಕುಳಿಯ ತುಟಿಯ ಮೇಲೆ
ಇವೇ ಕುಡಿಕೆ ಹೂತು
ಬೂಟಿನ ಅಟ್ಟೆ ಮೆತ್ತಗಾಗುವವರೆಗೆ ಕಾದವಳು.
ಅಲ್ಲಿಯೂ ತೆರೆಯ ತಳದಲ್ಲಿ ಕೆಂಪು ಮೂಡಿತ್ತು,
ಕುಲುಮೆಯಲ್ಲಿ ಮರೆತ ಕುಡುಗೋಲಿನಂತೆ.
ಇಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ,
ಯಂತ್ರ ಹೇಳಿದ್ದು ಅಷ್ಟೇ.
ಕಲ್ಲು ಕರಗಿದೆ ಎಂದದ್ದು ನಾವು.

ಹತ್ತಕ್ಕೆ ಕರೆಂಟು ಹೋಯಿತು. ಊರು ಬೈಯಿತು.
ನನಗೆ ಹಾಯೆನಿಸಿತು.
ಮೋಟರುಗಳ ಗದ್ದಲ ನಿಂತರೇ ನೆಲ ಬಾಯಿ ಬಿಡುವುದು:
ಎಲ್ಲೋ ಸಮುದ್ರದಾಚೆ ಹೊಡೆದ ಮಿಂಚು
ಎರೆಮಣ್ಣು, ಕರಿಗಲ್ಲು, ಅದರಡಿಯ ಸುಣ್ಣಗಲ್ಲು ಹಾದು
ನನ್ನ ಡಬ್ಬಿಯ ಹಸಿರು ದೀಪವನ್ನು ಒಮ್ಮೆ ಮುಟ್ಟಿತು.

ಮದಾರಬಿ ಕೌದಿ ಹೊದ್ದು ಬಂದು ಕೂತಳು.
ಹೇಳಿದೆ: ಖಾಲಾ, ಈ ಕರಿಗಲ್ಲೂ ಒಂದು ಕಾಲಕ್ಕೆ ಬೆಂಕಿಯೇ.
ಹರಿದು ಹರಿದು ದಣಿದು ಇಲ್ಲಿ ಕೂತದ್ದು
ಮತ್ತೆ ಏಳಲಿಲ್ಲ.
ಅವಳು ಬದುವಿನ ಕಲ್ಲಿಗೆ ಅಂಗೈ ಇಟ್ಟಳು,
ಜ್ವರ ಬಿಟ್ಟಿತೇ ಎಂದು ಮೊಮ್ಮಗುವಿನ ಹಣೆ ನೋಡುವ ಹಾಗೆ.
ಬಹಳ ಹೊತ್ತು ತೆಗೆಯಲಿಲ್ಲ.

ಬೆಳಗಿಗೆ ತೆರೆಯಲ್ಲಿ ಕೆಂಪು.
ಏಳುನೂರು ಮೀಟರ್ ಕೆಳಗೆ, ಹುಣಸೆಬೀಜದಷ್ಟು.
ನೆರೆದವರು ಒಂದು ಹೆಜ್ಜೆ ಹಿಂದೆ ಸರಿದರು.
ನೀರು, ಎಂದೆ.
ಮಳೆ ಬಿರುಕು ಹಿಡಿದು ಇಳಿದಿದೆ, ಕಲ್ಲಿನ ಸಂದಿ ಜಗ್ಗುತ್ತಿದೆ,
ಗುಡುಗು ಅದರದೇ ಇರಬೇಕು.
"ಆ ದ್ವೀಪದಾಗಿನ ಬೆಂಕಿನೂ ಕೆಂಪೇ ಇತ್ತಂತಲ್ಲ?"
ಹೌದು, ಉಪ್ಪುನೀರೂ ಕರಗಿದ ಕಲ್ಲೂ
ಇದರ ಕಣ್ಣಿಗೆ ಒಂದೇ ಬಣ್ಣ.
"ಮತ್ತ ಡಬ್ಬಿಗಿ ಏನು ತಿಳೀತು?"

ಬೋರಿನ ನೀರು ತರಿಸಿ ಎಲ್ಲರೆದುರು ಕುಡಿದೆ.
ಹಲ್ಲು ಜುಮ್ಮೆಂದಿತು.
ನೋಡ್ರಿ, ಬೆಂಕಿಯ ನೆರೆಯಲ್ಲಿ ನೀರು ಹೀಗಿರುತ್ತದೆಯೇ?
ಒಬ್ಬರಾದ ಮೇಲೊಬ್ಬರು ಅದೇ ಗಿಂಡಿಯಿಂದ ಕುಡಿದರು,
ತಲೆಯಾಡಿಸಿದರು.

ಕುಡಿಕೆ ಕಿತ್ತು, ಗುಂಡಿ ಮುಚ್ಚಿ, ಜೀಪು ಹತ್ತಿದೆವು.
ತಿರುವಿನಲ್ಲಿ ಹಿಂತಿರುಗಿ ನೋಡಿದರೆ
ಹಾಸಿಗೆಗಳೆಲ್ಲ ಇನ್ನೂ ಅಂಗಳದಲ್ಲೇ.