ಬಾಟ್ಲಿ ನಂಬರ್ ಹನ್ನೊಂದು

ಸೆವ್ರಿನ್ ಬಾಯಿಯ ಬಾವಿಯಿಂದ
ಬೆರಳು ತಾಗಿಸದೆ ತೆಗೆದ ನೀರು.
ಗೆರೆಯ ತನಕ ತುಂಬಿಸಿ, ಮುಚ್ಚಳ ಬಿಗಿದು,
ಹೆಸರು, ತಾರೀಕು, ಹೊತ್ತು ಬರೆದು
ಮನೆಗೆ ತಂದಿದ್ದೇನೆ.
ಬೆಚ್ಚಗಿನ ಜಾಗದಲ್ಲಿಡಿ ಅಂದಿದ್ದರು ತರಬೇತಿಯಲ್ಲಿ.
ನಮ್ಮಲ್ಲಿ ಬೆಚ್ಚಗಿಲ್ಲದ ಜಾಗ ಎಲ್ಲುಂಟು?

ಹತ್ತಕ್ಕೆ ಹನ್ನೆರಡರ ಕೋಣೆ, ಸಿಮೆಂಟ್ ಶೀಟು,
ಐದು ಜನ, ಬಾಡಿಗೆ ನಾಲ್ಕೂವರೆ ಸಾವಿರ.
ಅತ್ತೆಯ ಬೀಡಿಯ ತಡ್ಪೆ ಸರಿಸಿ,
ಮಗಳ ಪುಸ್ತಕ ಸರಿಸಿ
ಬಾಟ್ಲಿಗೆ ಜಾಗ ಮಾಡಿದೆ.
ಇಪ್ಪತ್ನಾಲ್ಕು ಗಂಟೆ, ಕೆಲವೊಮ್ಮೆ ನಲ್ವತ್ತೆಂಟು.
ಕಪ್ಪಾದರೆ ಕುಡಿಯಬಾರದು.

ಅದೇ ಕಪಾಟಿನಲ್ಲಿ, ರೇಶನ್ ಕಾರ್ಡಿನ ಅಡಿಯಲ್ಲಿ
ಇನ್ನೊಂದು ಕಾಗದ: ಪದವಿನ ವಸತಿ ಯೋಜನೆ,
ಎರಡನೇ ಹಂತ, ಕ್ರಮಸಂಖ್ಯೆ ನೂರ ಹದಿನೇಳು,
ಕುಸುಮಾವತಿ, ಗಂಡ ದೇಜಪ್ಪ.
ಎರಡು ಕೋಣೆ, ಒಳಗೇ ಪಾಯಿಖಾನೆ, ಬಾಗಿಲಿಗೆ ನಮ್ಮದೇ ಬೀಗ.
ಮಗಳು ಗೋಡೆಗೆ ಬಣ್ಣವನ್ನೂ ಆರಿಸಿದ್ದಾಳೆ.

ಮೊದಲನೇ ಹಂತ ಎದ್ದು ಮೂರು ಮಳೆಗಾಲ.
ತೊಂಬತ್ತಾರು ಮನೆ, ನಾಲ್ಕು ಗುಂಡಿ.
ಗುಂಡಿಯ ಕೆಳಗೆ ಮುರಕಲ್ಲು.
ಮುರಕಲ್ಲು ಗೊತ್ತಲ್ಲ ಮಾರಾಯ್ರೆ,
ನೋಡಲಿಕ್ಕೆ ಕಲ್ಲು, ಕುಡಿಯಲಿಕ್ಕೆ ಸ್ಪಂಜು.
ಜೂನಿನಲ್ಲಿ ಪದವು ನುಂಗಿದ್ದನ್ನು
ಎಪ್ರಿಲಿನ ತನಕ ಗುಟುಕು ಗುಟುಕಾಗಿ
ಕೆಳಗಿನ ಬೈಲಿನ ಹದಿನಾಲ್ಕು ಬಾವಿಗೆ ಕೊಡುತ್ತದೆ,
ನಾವು ಏನು ಕೊಟ್ಟೆವೋ ಅದನ್ನೇ.

ತುಂಬೆಯ ನೀರು ಮೂರು ದಿನಕ್ಕೊಮ್ಮೆ ಬಂದ ಆ ಮೇ ತಿಂಗಳು
ಸೆವ್ರಿನ್ ಬಾಯಿ ಗೇಟು ತೆಗೆದೇ ಇಟ್ಟಿದ್ದರು.
ರಾಟೆ ರಾತ್ರಿ ಹನ್ನೊಂದಕ್ಕೂ ಕಿರ್ ಅನ್ನುತ್ತಿತ್ತು.
ಐಸಮ್ಮನ ಕೊಡ, ನನ್ನ ಕೊಡ,
ಬಿಹಾರದ ಹುಡುಗರ ಪೈಂಟಿನ ಡಬ್ಬಿ.
"ಬಾವಿ ನಾನು ತೋಡಿಸಿದ್ದು ಹೌದು,
ನೀರು ನಾನು ಮಾಡಿದ್ದಾ?" ಅಂದಿದ್ದರು.

ಮೊನ್ನೆ ಅಹವಾಲಿನ ಸಭೆ.
ಹಿಲ್‌ವ್ಯೂ ಬಡಾವಣೆಯ ನಿವೃತ್ತ ಮೇನೇಜರು ಎದ್ದು ಹೇಳಿದರು:
ಅಷ್ಟು ಜನ ಬಂದರೆ ನೀರು ಕೆಡುತ್ತದೆ.
ಸುಳ್ಳಲ್ಲ.
ಆದರೆ ಅವರಲ್ಲಿಗೂ ಹೋಗಿದ್ದೇನೆ ನಾನು, ಬಾಟ್ಲಿ ಹಿಡಿದು:
ಇಪ್ಪತ್ತೆರಡು ಮನೆ, ಇಪ್ಪತ್ತೆರಡು ಗುಂಡಿ, ಇಪ್ಪತ್ತೆರಡು ಬೋರು,
ಅಂಗಳಕ್ಕೆ ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್.
ಬಿದ್ದ ಹನಿ ಜಾರಿ ಚರಂಡಿಗೆ ಹೋಗಬೇಕು,
ಇಳಿಯಲಿಕ್ಕೆ ಬಾಗಿಲಿಲ್ಲ.
ಎಂಟು ಎಕ್ರೆಯಲ್ಲಿ ಎಂಬತ್ತು ಜನ.
ನಮಗೆ ಒಂದೇ ಎಕ್ರೆ ಸಾಕು,
ಒಬ್ಬರ ತಲೆಯ ಮೇಲೆ ಒಬ್ಬರು ಮಲಗುತ್ತೇವೆ,
ಉಳಿದದ್ದನ್ನು ಮುಳಿಹುಲ್ಲಿಗೆ, ಮಳೆಗೆ ಬಿಡಿ
ಅಂತ ಹೇಳಲಿಕ್ಕೆ ಎದ್ದೆ.
ಮೈಕು ಅಷ್ಟರಲ್ಲಿ ಮುಂದಿನ ಸಾಲಿಗೆ ಹೋಗಿತ್ತು.

ಇಂಜಿನಿಯರು ನಕ್ಷೆಯಲ್ಲಿ ತೋರಿಸಿದರು:
ಶುದ್ಧೀಕರಣ ಘಟಕ, ಹಸಿರು ಚೌಕ.
ಮೊದಲನೇ ಹಂತದ ನಕ್ಷೆಯಲ್ಲೂ ಅದೇ ಹಸಿರಿತ್ತು.
ಅಲ್ಲೀಗ ಜಲ್ಲಿಯ ರಾಶಿ, ಮೇಲೊಂದು ನಾಯಿ.

ರಾತ್ರಿ ಎರಡು ಗಂಟೆ. ಟಾರ್ಚ್ ಹಾಕಿ ನೋಡಿದೆ.
ಕಂದು. ಇನ್ನೂ ಕಂದು.
ಇವರು ಎಚ್ಚರವಾಗಿಯೇ ಇದ್ದರು.
"ಕಪ್ಪಾದರೆ ನಮ್ಮ ಮನೆ ನಿಲ್ಲುತ್ತದಾ?"
ನಿಲ್ಲುವುದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥ.
ಯಾವುದನ್ನು ಕೇಳಿದರೆಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಕಪ್ಪು.
ಪಾತ್ರೆಯ ತಳದ ಮಸಿಯಷ್ಟು.

ರಿಜಿಸ್ಟರಿನಲ್ಲಿ ಬರೆದೆ: ಹನ್ನೊಂದು, ಕಲುಷಿತ.
ಪಕ್ಕದಲ್ಲಿ ಷರಾ ಅಂತ ಒಂದು ಕಾಲಮುಂಟು,
ಯಾರೂ ಏನೂ ಬರೆಯುವುದಿಲ್ಲ ಅದರಲ್ಲಿ.
ಸಣ್ಣ ಅಕ್ಷರದಲ್ಲಿ ತುಂಬಿಸಿದೆ:
ಮೊದಲು ಘಟಕ, ಆಮೇಲೆ ಬೀಗದಕೈ.
ಮನೆ ಬೇಡವೆಂದಲ್ಲ.
ನೂರ ಹದಿನೇಳು ನಾನೇ.

ಆಮೇಲೆ ಇಳಿದು ಹೋದೆ, ಸುದ್ದಿ ಹೇಳಲಿಕ್ಕೆ.
ಬಾಯಿ ತೆರೆಯುವ ಮೊದಲೇ ಸೆವ್ರಿನ್ ಬಾಯಿ
ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು
ಜಗಲಿಯಲ್ಲಿಟ್ಟು ನಿಂತಿದ್ದರು:
"ಬಿಸಿಲಿಗೆ ಬಂದದ್ದಲ್ಲ ಮಗಾ,
ಮಾತು ಮತ್ತೆ. ಮೊದಲು ಕುಡಿ."