ಯಾವ ಬೀದಿಗೆ

ಕಡೂರಿನ ಸ್ಟೇಷನ್ ರಸ್ತೆ. ಮಿಷಿನ್ನು ನಿಂತ ಮೇಲೂ
ಹತ್ತಿಯ ಧೂಳು ಇಳಿಯೋದಿಲ್ಲ, ಬಲ್ಬಿನ ಸುತ್ತ ನಿಂತಿರತ್ತೆ.
ಮೂಗಿಗೆ ಸೆರಗು ಕಟ್ಟಿಕೊಂಡು
ಒಂದೇ ದಿಂಬನ್ನ ಮೂರು ಕಡೆ ತೋರಿಸಿದೆ.

ಇನ್‌ಸ್ಟಾದಲ್ಲಿ ನಾನೂರ ಹನ್ನೆರಡು ಕೆಂಪು ಹೃದಯ.
ಹೃದಯ ಇಟ್ಟುಕೊಂಡು ಏನು ಮಾಡಲಿ,
ದಿಂಬು ಬೇಕಾಗೋದು ತಲೆಗೆ.

ವಾಟ್ಸಾಪ್ ಸ್ಟೇಟಸ್ಸು ನೋಡಿದ್ದು ಅರವತ್ತು ಜನ, ಎಲ್ಲಾ ನೆಂಟರು.
ಬೀರೂರಿನ ನಾದಿನಿ ಬರೆದಳು:
ಎರಡು ಎತ್ತಿಡು, ದುಡ್ಡು ಆಮೇಲೆ ನೋಡೋಣ.

ಫೇಸ್‌ಬುಕ್ಕಲ್ಲಿ ಲಿಂಗದಹಳ್ಳಿಯ ರಿಟೈರಾದ ಹೆಡ್‌ಮಾಸ್ಟರು:
ಬುರುಗ ಅಲ್ಲಮ್ಮ ಬೂರುಗ, ದೀರ್ಘ ಕೊಡು.
ಅರ್ಧ ಗಂಟೆ ಬಿಟ್ಟು, ಮೆಲ್ಲಗೆ:
ಕತ್ತು ನೋವಿಗೆ ಗಟ್ಟಿ ದಿಂಬು ಸಿಗತ್ತ?

ದಿನಕ್ಕೆ ಇನ್ನೂರು ಕೊಡು, ದೂರ ದೂರ ತೋರಿಸ್ತೀನಿ ಅನ್ನತ್ತೆ ಫೋನು.
ಇನ್ನೂರಂದ್ರೆ ಒಂದು ದಿಂಬಿನ ಹತ್ತಿ.

ಮಾವ ದಾದಾಪೀರ್,
ಹೆಗಲಿಗೆ ಕಮಾನು ಹೊತ್ತು ತರೀಕೆರೆ ತನಕ ನಡೆದವರು.
ಕೂಗುತ್ತಿರಲಿಲ್ಲ. ಬೀದಿಯ ಬಾಯಲ್ಲಿ ನಿಂತು
ತಂತಿಗೆ ಒಂದೇಟು, ಟೊಂಯ್,
ಬಾಗಿಲುಗಳು ತಾವಾಗೇ ತೆರೆಯುತ್ತಿದ್ದವಂತೆ.
ಯಾವುದಕ್ಕೆ ದುಡ್ಡು ಹಾಕಲಿ ಅಂತ ಕೇಳಿದೆ.
ಬೀಡಿ ಆರಿಸಿ ಕೇಳಿದರು:
"ಆ ಬೀದೀಲಿ ಬಸುರಿಯರು ಎಷ್ಟು ಜನ?"

ನನಗೇನು ಗೊತ್ತು.

"ಮದುವೆ ಗೊತ್ತಾದ ಮನೆ? ಹಾಸಿಗೆ ಹಿಡಿದ ಮುದುಕರು?
ಅಷ್ಟೂ ತಿಳೀದೆ ಯಾಕೆ ಹೋಗ್ತೀಯ ಅಲ್ಲಿಗೆ?"

ಆ ರಾತ್ರಿ ಎರಡೂವರೆಗೆ ಗೂಡ್ಸ್ ಗಾಡಿ ಎಬ್ಬಿಸಿತು.
ಫೋನು ತೆಗೆದರೆ ಹಸಿರು ಚುಕ್ಕೆಗಳು, ಅಲ್ಲೊಂದು ಇಲ್ಲೊಂದು.
ಇಷ್ಟು ಜನಕ್ಕೆ ನಿದ್ದೆ ಇಲ್ಲ.
ಇದೇ ಇರಬೇಕು ನನ್ನ ಬೀದಿ.

ಬೆಳಿಗ್ಗೆ ಗೋಡೆಯಿಂದ ಕಮಾನು ಇಳಿಸಿ ಮಾವನ ಕೈಗಿಟ್ಟೆ.
ಮುಖ ಬೇಡ ಅಂದರು. ಕೈ ಮಾತ್ರ ಹಿಡಿದೆ:
ನಡುಗುವ ಬೆರಳು, ಕೊಡತಿ, ಎದ್ದೆದ್ದು ಬೀಳುವ ಅರಳೆ.
ನಲವತ್ತು ಸೆಕೆಂಡು. ರೇಟಿಲ್ಲ, ಮಾತಿಲ್ಲ,
ನಂಬರು ಬರೆಯೋದೂ ಮರೆತೆ.
ಕಾದಿದ್ದು, ರಾತ್ರಿ ಎರಡಕ್ಕೆ ಇನ್‌ಸ್ಟಾಗೇ ಹಾಕಿದೆ.

ಮೂರಕ್ಕೆ ಸಖರಾಯಪಟ್ಟಣದಿಂದ ಯಾರೋ ಒಬ್ಬಳು:
'ಅಕ್ಕ, ಈ ಸದ್ದಿಗೆ ನನ್ನ ಮಗು ಮಲಗಿತು.
ಇನ್ನೊಂದು ಹಾಕಿ, ಉದ್ದ ಇರಲಿ.'

ದಿಂಬಿನ ಸುದ್ದಿಯೇ ಇಲ್ಲ.
ಬೆಳಿಗ್ಗೆ ಓದಿ ಹೇಳಿದೆ, ನಗಬಹುದು ಅಂದುಕೊಂಡು.
ಮಾವ ಆಗಲೇ ಟೇಪು ಹುಡುಕುತ್ತಿದ್ದರು:
"ಎಷ್ಟು ತಿಂಗಳ ಮಗು, ಕೇಳು."